ಬೆಳುವಾಯಿಯ ಕೂಟಕ್ಕೆ ಎರಡು ಗಾಳಿ

ಪೊಳಲಿ
14 ಜನವರಿ 2024

ಖಲೀಲ,

ನೀನು ದಮ್ಮಾಮಿನಲ್ಲಿ ಇನ್ನೂ ಅದೇ ಮನೆಯಲ್ಲಿ ಇದ್ದೀ ಎಂದು ನಂಬಿ ಬರೆಯುತ್ತಿದ್ದೇನೆ. ಮನೆ ಬದಲಿಸಿದ್ದರೆ ಈ ಕಾಗದ ವಾಪಸು ಬಂದು ನನ್ನ ಮುಖಕ್ಕೇ ಹೊಡೆಯುತ್ತದೆ. ಹೊಡೆಯಲಿ.

ನೇರ ವಿಷಯಕ್ಕೆ ಬರುತ್ತೇನೆ. ಸಾತ್ವಿಕಾಳ ನೆನಪುಂಟಾ? ಬೆಳ್ತಂಗಡಿಯ ಶಾಲೆಯಲ್ಲಿ ನಾನು ವಿಜ್ಞಾನ, ನೀನು ಭೂಗೋಳ ಹೇಳುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ "ಯಾಕೆ ಸರ್?" ಎಂದು ನಮ್ಮ ಪ್ರಾಣ ತಿನ್ನುತ್ತಿದ್ದ ಹುಡುಗಿ. ಈಗ ಅವಳೇ ಬೆಳುವಾಯಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಈಗ ಅವಳ ಪ್ರಾಣ ತಿನ್ನುವವರು ಬೇರೆ ಇದ್ದಾರೆ, ಬಹಳ ಸಂತೋಷ.

ಏಳನೇ, ಎಂಟನೇ ಕ್ಲಾಸಿನ ಮಕ್ಕಳಿಗೆ ವಾಯುರಾಶಿಯ ಪಾಠ ತಲೆಗೆ ಹತ್ತುವುದಿಲ್ಲವಂತೆ. ಬಾಯಿಪಾಠ ಒಪ್ಪಿಸಿ ಮರೆತುಬಿಡುತ್ತಾರಂತೆ. ಅದಕ್ಕೆ ಅವಳಿಗೊಂದು ಹುಚ್ಚು ಬಂದಿದೆ. ಆಗಸ್ಟಿನ ಹೊತ್ತಿಗೆ, ಆಟಿ ತಿಂಗಳಲ್ಲಿ ಮಕ್ಕಳಿಂದ ಒಂದು ತಾಳಮದ್ದಳೆ ಮಾಡಿಸುವುದು. ಪ್ರಸಂಗ ಯಾವುದು? ಬಿಸಿಗಾಳಿ ಮತ್ತು ತಂಪುಗಾಳಿಯ ಸಂವಾದ! ವೇಷ ಬೇಡ, ಕುಣಿತ ಬೇಡ, ಇಬ್ಬರು ಎದುರುಬದುರು ಕೂತರೆ ಆಯಿತು. ಭಾಗವತರು ಪದ ಹಾಡಿದ ಮೇಲೆ ಮಕ್ಕಳು ತಮ್ಮ ಬುದ್ಧಿಯಿಂದಲೇ ಅರ್ಥ ಹೇಳಬೇಕು, ವಾದ ಮಾಡಬೇಕು. ಅರ್ಥ ಆಗದೆ ಅರ್ಥ ಹೇಳಲಿಕ್ಕೆ ಆಗುತ್ತದಾ ಎಂದು ಕೇಳಿದಳು. ಅವಳು ಹೇಳಿದ್ದು ಸರಿ ಮಾರಾಯ. ಪದ ಹಾಡಲು ನಮ್ಮ ಮುಂಡಪ್ಪ ಭಾಗವತರು ಒಪ್ಪಿದ್ದಾರೆ.

ಪ್ರಸಂಗ ನಾನು ಬರೆಯಬೇಕಂತೆ. ಒಂದು ಕರಡು ಇದರೊಟ್ಟಿಗೆ ಉಂಟು. ಪಡುವಣ ಕಡಲಿಂದ ಬಿಸಿಗಾಳಿ ಹೊರಡುತ್ತಾನೆ, ಚಾರ್ಮಾಡಿಯಿಂದ ತಂಪುಗಾಳಿ ಇಳಿಯುತ್ತಾನೆ, ಇಬ್ಬರೂ ಗುರುವಾಯನಕೆರೆಯಲ್ಲಿ ಎದುರಾಗುತ್ತಾರೆ, ಜಗಳ, ಮಳೆ, ಮಂಗಳ. ನೋಡಿ ಹೇಳು. ನಿನ್ನ ಭೂಗೋಳ ಇನ್ನೂ ತುಕ್ಕು ಹಿಡಿದಿಲ್ಲವಾದರೆ.

ಒಂದು ಮಾತು. ಫೋನ್ ಮಾಡಬೇಡ. ನನ್ನ ಮೊಬೈಲು ಹಾಳಾಗಿದೆ, ಸರಿ ಮಾಡಿಸುವ ಮನಸ್ಸೂ ಇಲ್ಲ. ಕಾಗದ ಬರಿ. ಬರೆದರೆ ನಿನ್ನ ಕನ್ನಡವೂ ಉಳಿಯುತ್ತದೆ.

ಶಂಭು


ದಮ್ಮಾಮ್
6 ಫೆಬ್ರವರಿ 2024

ಪ್ರೀತಿಯ ಶಂಭಣ್ಣ,

ಅಲ್ಲಾಹನೇ, ಎಷ್ಟು ಕಾಲದ ಮೇಲೆ ನಿಮ್ಮ ಅಕ್ಷರ! ನಸೀಬಾ ಅಡುಗೆಮನೆಯಿಂದ ಓಡಿ ಬಂದು "ಯಾರಿಗೆ ಎಂತ ಆಯ್ತು?" ಎಂದು ಹೆದರಿದಳು. ಈಗಿನ ಕಾಲದಲ್ಲಿ ಗಂಡನಿಗೆ ಕಾಗದ ಬಂದರೆ ಹೆಂಡತಿ ಹೆದರುವ ಹಾಗಾಗಿದೆ.

ಕಾಗದವನ್ನು ಕಣ್ಣಲ್ಲಿ ಓದಲಿಲ್ಲ ನಾನು, ಕಿವಿಯಲ್ಲಿ ಓದಿದೆ. ನಿಮ್ಮ ಸ್ವರವೇ ಕೇಳಿಸಿತು. ಆ ಸಣ್ಣ ಕೆಮ್ಮು, ಎದುರಾಳಿಯನ್ನು ಹಿಡಿಯುವ ಮೊದಲು "ಅಯ್ಯಾ..." ಎಂದು ಎಳೆಯುವುದು, ಎಲ್ಲ. ಭೂಗೋಳದ ಮೇಷ್ಟ್ರೊಬ್ಬನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತಾಳಮದ್ದಳೆಯ ಕೂಟದಲ್ಲಿ ಕೂರಿಸಿದ ಸ್ವರ ಅಲ್ಲವಾ ಅದು? ನಾನು ಮಾತು ಸಿಗದೆ ಬೆವರುತ್ತಿದ್ದಾಗ ನೀವೇ ಎದುರಿನಿಂದ ಒಂದು ಸುಲಭದ ಪ್ರಶ್ನೆ ಎಸೆದು ನನಗೆ ದಾರಿ ಮಾಡಿಕೊಡುತ್ತಿದ್ದಿರಿ. ಎದುರಾಳಿಗೆ ದಾರಿ ಬಿಟ್ಟುಕೊಡದವನು ಅರ್ಥಧಾರಿಯೇ ಅಲ್ಲ ಎನ್ನುತ್ತಿದ್ದಿರಿ. ನಾನು ಮರೆತಿಲ್ಲ.

ಈಗ ಕರಡಿನ ವಿಷಯ. ಸಿಟ್ಟು ಮಾಡಬೇಡಿ, ನೀವು ದೊಡ್ಡ ತಪ್ಪು ಮಾಡಿದ್ದೀರಿ. ನಮ್ಮೂರಿನ ಮಳೆಗಾಲದಲ್ಲಿ ಎರಡು ಗಾಳಿಯ ಜಗಳವೇ ಇಲ್ಲ. ಕಡಲಿನ ಮೇಲೆ ಬಹಳ ದೂರ ಹಾದು ಹೊಟ್ಟೆ ತುಂಬ ನೀರು ಕುಡಿದ ಒಂದೇ ಗಾಳಿ ಬರುತ್ತದೆ, ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಏರಿದ ಹಾಗೆ ತಂಪಾಗಿ ಸುರಿಯುತ್ತದೆ. ಅದರ ಎದುರಾಳಿ ಗುಡ್ಡ. ಚಾರ್ಮಾಡಿಯಿಂದ ಇಳಿಯುವ ನಿಮ್ಮ ತಂಪುಗಾಳಿಗೆ ಗುರುವಾಯನಕೆರೆಯಲ್ಲಿ ಚಹಾ ಕುಡಿಸಿ ವಾಪಸು ಕಳುಹಿಸಿ.

ಎರಡು ವಾಯುರಾಶಿಗಳು ನಿಜವಾಗಿ ಎದುರಾಗುವುದನ್ನು ನಾನು ಇಲ್ಲಿ ಚಳಿಗಾಲದಲ್ಲಿ ನೋಡುತ್ತೇನೆ. ಪುಸ್ತಕದಲ್ಲಿ ವಾತಾಗ್ರ ಎಂದು ಬರೆಯುತ್ತಾರೆ, ಮಕ್ಕಳಿಗೆ ಫ್ರಂಟ್ ಎಂದೇ ಹೇಳುವ. ಕಳೆದ ವಾರ ಬೆಳಿಗ್ಗೆ ತೆಂಕಣದಿಂದ ಗಾಳಿ ಬೀಸುತ್ತಿತ್ತು, ಅಂಗಿ ಮೈಗೆ ಅಂಟುವ ಸೆಕೆ. ಮಧ್ಯಾಹ್ನ ನನ್ನ ಶಾಲೆಯ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ವಾಯವ್ಯದಲ್ಲಿ ಕರಿಗೋಡೆಯ ಹಾಗೆ ಮೋಡ ಎದ್ದಿತು. ಗಾಳಿ ತಟ್ಟನೆ ದಿಕ್ಕು ಬದಲಿಸಿತು, ಮಕ್ಕಳ ಟೋಪಿಗಳೆಲ್ಲ ಗೇಟಿನ ಕಡೆಗೆ ಓಡಿದವು. ಗುಡುಗು, ದಪ್ಪ ಹನಿಯ ಮಳೆ. ಸ್ವಲ್ಪ ಹೊತ್ತಿಗೆ ಆಕಾಶ ಶುಭ್ರ, ಸಂಜೆಗೆ ಸ್ವೆಟರು ಬೇಕಾಯಿತು. ತಂಪುಗಾಳಿ ಭಾರ, ಅದು ನೆಲ ಹಿಡಿದು ಬಿಸಿಗಾಳಿಯ ಅಡಿಗೆ ನುಗ್ಗುತ್ತದೆ. ಬಿಸಿಗಾಳಿ ಹಗುರ, ಅದು ಮೇಲೇರಲೇಬೇಕು. ಇಷ್ಟೇ ಕಥೆ.

ಇನ್ನು ನನ್ನ ಆಸೆ. ಜುಲೈಯಲ್ಲಿ ನನಗೆ ರಜೆ. ಮಕ್ಕಳು ಕೂರುವ ಮೊದಲು ಒಂದೇ ಒಂದು ಪದಕ್ಕೆ ನಾವಿಬ್ಬರು ಕೂರುವ ಶಂಭಣ್ಣ. ನೀವು ಶೀತ, ನಾನು ಉಷ್ಣ. ಇಷ್ಟು ವರ್ಷ ಇಲ್ಲಿ ನಾನು ಮಾತಾಡಿದ್ದು ಪಾಠ, ಬಾಡಿಗೆ, ಇಕಾಮಾ ಎಂಬ ವಾಸದ ಪರವಾನಗಿ, ಇಷ್ಟೇ. ನಿಮ್ಮ ಎದುರು ಒಮ್ಮೆ ಕೂತರೆ ನಾನು ಪುನಃ ಮನುಷ್ಯನಾಗುತ್ತೇನೆ. ಇಲ್ಲ ಎನ್ನಬೇಡಿ.

ನಿಮ್ಮ
ಇಬ್ರಾಹಿಂ ಖಲೀಲ್


ಪೊಳಲಿ
22 ಫೆಬ್ರವರಿ 2024

ಸಾತ್ವಿಕಾ,

ನಿನ್ನೆ ನೀನು ಬಂದಾಗ ಸ್ಲೇಟಿನಲ್ಲಿ ಬರೆದು ಮುಗಿಸಲಿಕ್ಕೆ ಆಗದ್ದನ್ನು ಇಲ್ಲಿ ಬರೆಯುತ್ತೇನೆ.

ಖಲೀಲನಿಗೆ ನನ್ನ ಗಂಟಲಿನ ಆಪರೇಷನ್ ವಿಷಯ ಗೊತ್ತಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ ಎಂದು ನೀನು ಅವನಿಗೆ ತಿಳಿಸಬಾರದು. ಮುಂಡಪ್ಪನಿಗೂ ತಾಕೀತು ಮಾಡಿದ್ದೇನೆ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಮಿಷನನ್ನು ಆಸ್ಪತ್ರೆಯಲ್ಲಿ ತೋರಿಸಿದ್ದರು. ಅದರ ಸ್ವರ ಡಬ್ಬದೊಳಗೆ ಸಿಕ್ಕಿಬಿದ್ದ ಜೀರುಂಡೆಯದು. ಬೇಡ ಎಂದು ಕೈಸನ್ನೆ ಮಾಡಿ ಬಂದೆ.

ಯಾಕೆ ಮುಚ್ಚಿಡಬೇಕು ಎಂದು ನೀನು ಕೇಳುತ್ತಿ, ನನಗೆ ಗೊತ್ತು. ಅವನು ಬರೆದಿದ್ದಾನೆ, ನನ್ನ ಕಾಗದ ಓದುವಾಗ ನನ್ನ ಸ್ವರ ಕೇಳಿಸಿತಂತೆ, ಕೆಮ್ಮು ಸಹಿತ. ಆ ಸಾಲು ಓದಿ ನಾನು ಜಗಲಿಯಲ್ಲಿ ಕೂತು ಅತ್ತುಬಿಟ್ಟೆ ಮಗಾ. ಇಲ್ಲಿ ನನ್ನನ್ನು ನೋಡಿದವರೆಲ್ಲ ಮೊದಲು ಕುತ್ತಿಗೆಗೆ ಕಟ್ಟಿದ ಬಟ್ಟೆ ನೋಡುತ್ತಾರೆ, ಆಮೇಲೆ ನಾನು ಕಿವುಡನೂ ಹೌದೇನೋ ಎಂಬ ಹಾಗೆ ಜೋರಾಗಿ ಮಾತಾಡುತ್ತಾರೆ. ನಾನು ಇನ್ನೂ ಮಾತಾಡುತ್ತಿರುವ ಜಾಗ ಈ ಭೂಮಿಯಲ್ಲಿ ಒಂದೇ ಉಳಿದಿದೆ, ಅದು ಖಲೀಲನ ತಲೆ. ಅದನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಜುಲೈಯಲ್ಲಿ ಬಂದು ನನ್ನ ಜೊತೆ ಕೂರುತ್ತೇನೆ ಎನ್ನುತ್ತಿದ್ದಾನೆ. ಹೇಗಾದರೂ ತಪ್ಪಿಸುತ್ತೇನೆ.

ಕರಡು ತಪ್ಪಂತೆ. ಅವನು ಹೇಳಿದ್ದು ಸರಿ. ಹೊಸತು ಬರೆಯುತ್ತಿದ್ದೇನೆ.

ಶಂಭು


ಪೊಳಲಿ
10 ಮಾರ್ಚ್ 2024

ಖಲೀಲ,

ತಪ್ಪು ಒಪ್ಪಿದೆ. ಇನ್ನು ಹತ್ತು ವರ್ಷ ಇದನ್ನೇ ಹೇಳಿಕೊಂಡು ತಿರುಗಬೇಡ.

ಹೊಸ ಕರಡಿನಿಂದ ಒಂದು ತುಂಡು ಇಲ್ಲಿ ಉಂಟು. ಮಕ್ಕಳಿಗೆ ಮಾದರಿ ಮಾತ್ರ, ಆ ದಿನ ಅವರವರ ಮಾತು ಅವರವರದ್ದು.

ಶೀತ: ಅಯ್ಯಾ ಉಷ್ಣ, ನೀನು ಯಾರು? ಹುಟ್ಟಿದ್ದೆಲ್ಲಿ?
ಉಷ್ಣ: ಹುಟ್ಟಿದ ಊರನ್ನು ಕೇಳಬೇಡ, ಹೆಚ್ಚು ದಿನ ಕೂತ ಊರನ್ನು ಕೇಳು. ಗಾಳಿಗೆ ಕೂತ ಊರಿನದ್ದೇ ಗುಣ. ಬೆಚ್ಚಗಿನ ಕಡಲಿನ ಮೇಲೆ ಕೂತೆ, ಬೆಚ್ಚಗೂ ಆದೆ, ಒದ್ದೆಯೂ ಆದೆ. ನೀನೋ?
ಶೀತ: ಹಿಮ ಬಿದ್ದ ಬಯಲಿನಲ್ಲಿ ಕೂತೆ. ತಂಪಾದೆ, ಒಣಗಿದೆ, ಭಾರವಾದೆ. ದಾರಿ ಬಿಡು.
ಉಷ್ಣ: ಭಾರ ಇದ್ದವನಿಗೆಲ್ಲ ದಾರಿ ಬಿಡಬೇಕೆಂದು ಯಾವ ಶಾಸ್ತ್ರದಲ್ಲಿ ಉಂಟು?
ಶೀತ: ಶಾಸ್ತ್ರ ಬೇಡ, ತಕ್ಕಡಿ ಸಾಕು. ನಾನು ಅಡಿಯಿಂದ ನುಗ್ಗುತ್ತೇನೆ, ನೀನು ಏರು.
ಉಷ್ಣ: ನೀನು ದಣಿದು ಹಿಂದೆ ಸರಿಯುವ ದಿನವೂ ಬರುತ್ತದೆ. ಆಗ ನಾನು ನಿಧಾನವಾಗಿ ನಿನ್ನ ಬೆನ್ನ ಮೇಲೆಯೇ ಹತ್ತಿ ಬರುತ್ತೇನೆ. ಗುಡುಗಿಲ್ಲದೆ, ಗಲಾಟೆಯಿಲ್ಲದೆ, ಇಡೀ ದಿನ ಸಣ್ಣ ಮಳೆ ಸುರಿಸುತ್ತೇನೆ.

ಇಬ್ಬರೂ ಹಟ ಹಿಡಿದು ಅಲುಗದೆ ನಿಂತರೆ ದಿನಗಟ್ಟಲೆ ಮೋಡ ಮುಸುಕಿಕೊಂಡೇ ಇರುತ್ತದೆ ಎಂದು ಭಾಗವತರ ಪದದಲ್ಲಿ ಸೇರಿಸಿದ್ದೇನೆ. ಸಾತ್ವಿಕಾಳ ಕ್ಲಾಸಿನಲ್ಲಿ ದೀಕ್ಷಿತಾ ಎಂಬ ಹುಡುಗಿ ಇದನ್ನು ಕೇಳಿ, "ಕಡೆಗೆ ಗೆದ್ದದ್ದು ಯಾರು? ಮೇಲೆ ಹೋದವನಾ, ಕೆಳಗೆ ಉಳಿದವನಾ?" ಎಂದಳಂತೆ. ನೀನು ಹೇಳು.

ನಾವಿಬ್ಬರು ಕೂರುವ ವಿಷಯ ನೀನು ಬರೆದಿದ್ದೆ. ಮಕ್ಕಳೇ ಕೂರಲಿ ಮಾರಾಯ. ನಾವು ಕೂತರೆ ಜನ ನಮ್ಮನ್ನು ಕೇಳುತ್ತಾರೆ, ಮಕ್ಕಳನ್ನು ಮರೆಯುತ್ತಾರೆ. ಮುದುಕರ ಚಪಲಕ್ಕೆ ಮಕ್ಕಳ ಕೂಟ ಯಾಕೆ ಹಾಳಾಗಬೇಕು?

ಶಂಭು


ದಮ್ಮಾಮ್
16 ಏಪ್ರಿಲ್ 2024

ಶಂಭಣ್ಣ,

ಹಬ್ಬ ಮುಗಿಯಿತು. ಬಿರಿಯಾನಿಗೆ ನೀವಿರಲಿಲ್ಲ ಎಂಬುದೊಂದೇ ಕೊರತೆ.

ದೀಕ್ಷಿತಾಳಿಗೆ ಹೇಳಿ, ಏರಿದವನು ಸೋತದ್ದಲ್ಲ. ಆದರೆ ಏರಿದ ಮೇಲೆ ಅವನು ತಂಪಾಗುತ್ತಾನೆ, ಹೊತ್ತು ತಂದ ನೀರನ್ನೆಲ್ಲ ಕೊಟ್ಟುಬಿಡುತ್ತಾನೆ. ಇಬ್ಬರಲ್ಲಿ ಯಾರೂ ಮೊದಲಿನ ಹಾಗೆ ಉಳಿಯುವುದಿಲ್ಲ. ಗೆದ್ದದ್ದು ಯಾರು ಎಂದು ಕೆಳಗೆ ಛತ್ರಿ ಹಿಡಿದು ನಿಂತವರೇ ಹೇಳಬೇಕು.

ಉಷ್ಣನ ಮಾತು ಭೇಷಾಗಿದೆ. ಅದನ್ನು ನಾನೇ ಹೇಳಬೇಕು. ಮಕ್ಕಳ ಕೂಟ ಹಾಳಾಗುತ್ತದೆ ಎಂಬುದೆಲ್ಲ ನಿಮ್ಮ ನೆಪ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ನೀವು, ಈಗ ಈ ಮಡಿ ಯಾವಾಗ ಶುರುವಾಯಿತು? ಜುಲೈ ಕೊನೆಗೆ ಮಂಗಳೂರಿಗೆ ಟಿಕೆಟು ಮಾಡಿಸಿದ್ದೇನೆ. ನಸೀಬಾ ಈಗಲೇ ಪೆಟ್ಟಿಗೆ ಇಳಿಸಿ ಒರೆಸಿದ್ದಾಳೆ. ಕೂಟ ಎಲ್ಲಿ, ಯಾವ ದಿನ ಎಂದು ಬರೆಯಿರಿ.

ತಡೆಯಲಾಗದೆ ನಿಮಗೆ ಫೋನ್ ಮಾಡಿದೆ. ಹಾಳಾದ ಮೊಬೈಲು ಚೆನ್ನಾಗಿ ರಿಂಗಾಯಿತು, ಯಾರೋ ಕಟ್ ಮಾಡಿದರು. ಪುನಃ ಮಾಡಿದೆ, ಪುನಃ ಕಟ್. ಶಂಭಣ್ಣ, ನನ್ನ ಮೇಲೆ ಏನಾದರೂ ಬೇಸರವಾ? ಇದ್ದರೆ ಬೈಯಿರಿ. ನಿಮ್ಮ ಬೈಗುಳ ಕೇಳದೆಯೂ ಬಹಳ ಕಾಲವಾಯಿತು.

ಖಲೀಲ್


ಪೊಳಲಿ
19 ಮೇ 2024

ಖಲೀಲ,

ಕೂಟದ ಆಮಂತ್ರಣ ಅಚ್ಚಾಗಿದೆ. ಬೆಳುವಾಯಿಯಲ್ಲಿ ದೇವಸ್ಥಾನದ ಪಕ್ಕದ ಸಭಾಭವನ, ಆಗಸ್ಟ್ ಮೊದಲ ಶನಿವಾರ. ಮಕ್ಕಳ ಹೆಸರು ಮತ್ತು ಮುಂಡಪ್ಪನ ಹೆಸರು ಮಾತ್ರ ಹಾಕಿದ್ದೇವೆ.

ನೀನು ಕೂರುವುದು ಬೇಡ. ಈ ಸಲ ಪೊಳಲಿಗೆ ಮನೆಗೆ ಬರುವ ಅವಸರವೂ ಬೇಡ. ಕಾರಣ ಕೇಳಬೇಡ. ಮೊದಲಿನ ದಿನಗಳಲ್ಲ ಇವು. ನಿನ್ನ ರಜೆಯನ್ನು ಹೆಂಡತಿ ಮಕ್ಕಳೊಟ್ಟಿಗೆ ಸಂತೋಷದಲ್ಲಿ ಕಳೆ.

ಬೇಸರ ಇಲ್ಲ. ಫೋನ್ ಮಾಡಬೇಡ.

ಶಂಭು


ದಮ್ಮಾಮ್
12 ಜೂನ್ 2024

ಶಂಭು ಮಾಸ್ಟರಿಗೆ,

ನಿಮ್ಮ ಕಾಗದ ಸಿಕ್ಕಿತು. ಇಷ್ಟು ಸಣ್ಣ ಕಾಗದವನ್ನು ನಾನು ಇಷ್ಟು ಸಲ ಓದಿದ್ದು ಜೀವಮಾನದಲ್ಲಿ ಇದೇ ಮೊದಲು.

ಕಾರಣ ಕೇಳಬೇಡ ಎಂದಿರಿ. ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನಾನು ಇಲ್ಲಿ ಕೂತು ಊರಿನ ಸುದ್ದಿ ಓದುತ್ತೇನೆ. ಯಾವ ಊರಿನಲ್ಲಿ ಯಾರ ಅಂಗಡಿ ಎಬ್ಬಿಸಿದರು, ಯಾವ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂತದ್ದಕ್ಕೆ ಹೊಡೆದರು, ಎಲ್ಲ ತಿಳಿಯುತ್ತದೆ. ದೇವಸ್ಥಾನದ ಪಕ್ಕದ ಸಭಾಭವನ, ಅಲ್ಲಿ ಬ್ಯಾರಿಯೊಬ್ಬ ಅರ್ಥ ಹೇಳುವುದು ಬೇಡ ಎಂದು ನಾಲ್ಕು ಜನ ಬಂದು ಹೇಳಿದ್ದಾರೆ. ನೀವು ಆಗಲಿ ಎಂದಿದ್ದೀರಿ. ಹಾಗಲ್ಲದಿದ್ದರೆ ನನ್ನನ್ನು ನಿಮ್ಮ ಮನೆಗೂ ಬರಬೇಡ ಎನ್ನುವ ಕಾರಣ ಬೇರೆ ಏನುಂಟು?

ಅವರು ಹೇಳಿದ್ದಕ್ಕೆ ನನಗೆ ದುಃಖ ಇಲ್ಲ. ನಿಮ್ಮ ಬಾಯಿ ಮುಚ್ಚಿತಲ್ಲ, ಅದಕ್ಕೆ ದುಃಖ. ಸಭೆಯಲ್ಲಿ ಸಿಂಹದ ಹಾಗೆ ಗರ್ಜಿಸಿದ ನಾಲಿಗೆ ಈಗ ಎಲ್ಲಿ ಹೋಯಿತು? ನನಗಾಗಿ ಒಂದು ಮಾತು ಹೊರಡಲಿಲ್ಲವಾ ಅದರಿಂದ? ಮೌನ ಸಮ್ಮತಿ ಲಕ್ಷಣ ಎಂದು ನನಗೆ ಕಲಿಸಿದವರೇ ನೀವು. ಗಾಳಿಗೆ ಕೂತ ಊರಿನ ಗುಣ ಎಂದು ಬರೆದಿರಿ. ನಿಮಗೂ ನಿಮ್ಮ ಊರಿನ ಈಗಿನ ಗಾಳಿ ಹತ್ತಿತು, ಅಷ್ಟೇ.

ಟಿಕೆಟು ರದ್ದು ಮಾಡಿದ್ದೇನೆ. ರಜೆಯಲ್ಲಿ ನಾವು ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೋಗುತ್ತೇವೆ. ಬಾಯಿ ಇಲ್ಲದವರ ಎದುರು ಕೂತು ವಾದ ಮಾಡಲು ನನಗೆ ಬರುವುದಿಲ್ಲ.

ಇಬ್ರಾಹಿಂ ಖಲೀಲ್


ಬೆಳುವಾಯಿ
5 ಆಗಸ್ಟ್ 2024

ಗೌರವಾನ್ವಿತ ಖಲೀಲ್ ಸರ್,

ನಾನು ಸಾತ್ವಿಕಾ, ನಿಮ್ಮ ಹಳೆಯ ವಿದ್ಯಾರ್ಥಿನಿ. ಶಂಭು ಸರ್‌ಗೆ ಕೊಟ್ಟ ಮಾತನ್ನು ಮುರಿದು ಇದನ್ನು ಬರೆಯುತ್ತಿದ್ದೇನೆ. ಅವರು ನನ್ನನ್ನು ಬೈದರೂ ಚಿಂತೆ ಇಲ್ಲ. ಬೈಯುವುದಾದರೂ ಹೇಗೆ ಸರ್? ಅವರಿಗೆ ಮಾತು ಹೋಗಿ ವರ್ಷವಾಗುತ್ತಾ ಬಂತು.

ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆದಿದ್ದಾರೆ. ಈಗ ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ. ನಿಮ್ಮ ಫೋನನ್ನು ಕಟ್ ಮಾಡಿದವರು ಅವರೇ. ಎತ್ತಿ ಏನು ಹೇಳಲಿ ಎಂದು ನನಗೆ ಬರೆದು ತೋರಿಸಿದ್ದರು. ನಿಮ್ಮ ತಲೆಯಲ್ಲಿ ಅವರ ಸ್ವರ ಇನ್ನೂ ಉಂಟು, ಅದು ಹಾಗೇ ಇರಲಿ ಎಂಬುದೊಂದೇ ಅವರ ಆಸೆಯಾಗಿತ್ತು. ನೀವು ಎದುರು ಬಂದು ಕೂತರೆ ಅದು ಮುಗಿಯುತ್ತದೆ ಎಂದು ಹೆದರಿದರು. ಅದಕ್ಕೇ ಬರಬೇಡ ಎಂದು ಬರೆದದ್ದು.

ನೀವು ಕೂರುವುದು ಬೇಡ ಎಂದು ಯಾರೂ ಹೇಳಲಿಲ್ಲ ಸರ್. ಈ ಊರಿನಲ್ಲಿ ಹಾಗೆ ಹೇಳುವವರೇ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಈ ಕೂಟಕ್ಕೆ ಯಾರೂ ಹೇಳಲಿಲ್ಲ. ಸಭಾಭವನ ನೋಡಿಕೊಳ್ಳುವ ಮಾಯಿಲಪ್ಪಣ್ಣ ಎರಡು ಸಲ ನನ್ನ ಹತ್ತಿರ, "ಖಲೀಲ್ ಮಾಸ್ಟ್ರು ಬರ್ತಾರಂತೆ ಅಲ್ವಾ ಟೀಚರ್? ಅವರದ್ದೊಂದು ಪದ ಇಟ್ಟುಕೊಳ್ಳುವ" ಎಂದು ಕೇಳಿದರು.

ಜೂನಿನಲ್ಲಿ ನಿಮ್ಮ ಕಾಗದ ಬಂದ ಮರುದಿನ ಸರ್ ಅದನ್ನು ಹಿಡಿದುಕೊಂಡು ನಮ್ಮ ಶಾಲೆಗೆ ಬಂದಿದ್ದರು. ಸ್ಟಾಫ್ ರೂಮಿನಲ್ಲಿ ನನ್ನ ಮುಂದೆ ಇಟ್ಟರು. ನಾನು ಓದಿ ತಲೆ ಎತ್ತಿದಾಗ ಸ್ಲೇಟಿನಲ್ಲಿ ಏನೋ ಬರೆದರು, ಒರೆಸಿದರು, ಪುನಃ ಬರೆದರು, ಪುನಃ ಒರೆಸಿದರು. ಕೊನೆಗೆ ಉಳಿಸಿದ್ದು, "ನೀನು ಉತ್ತರ ಬರೆಯಬೇಡ" ಎಂದು ಮಾತ್ರ.

ಮೊನ್ನೆ ಶನಿವಾರ ಕೂಟ ನಡೆಯಿತು. ಆ ವಾರವೆಲ್ಲ ಮಳೆಯ ರಜೆ, ಆದರೂ ಜನ ಬಂದರು. ಬಂಟ್ವಾಳದಿಂದ ಕೆಲವು ಹಿರಿಯರು ನೀವು ಬಂದಿರಬಹುದೆಂದು ಆಸೆಯಲ್ಲಿ ಬಂದಿದ್ದರು. ಸರ್ ಸ್ಲೇಟಿನಲ್ಲಿ "ಖಲೀಲನಿಗೆ ರಜೆ ಸಿಗಲಿಲ್ಲ" ಎಂದು ಬರೆದು ಅವರಿಗೆ ಒಬ್ಬೊಬ್ಬರಿಗೂ ತೋರಿಸಿದರು. ನಿಮ್ಮ ಮೇಲೆ ಒಂದು ಮಾತು ಬರಲು ಬಿಡಲಿಲ್ಲ.

ದೀಕ್ಷಿತಾ ಶೀತ, ಜಸೀಲಾ ಉಷ್ಣ. ಸರ್ ಭಾಗವತರ ಪಕ್ಕದಲ್ಲಿ ಚಕ್ರತಾಳ ಹಿಡಿದು ಕೂತರು. ನಡುವಿನಲ್ಲಿ ಜಸೀಲಾಳಿಗೆ ಮಾತು ನಿಂತುಹೋಯಿತು. ಹುಡುಗಿ ಸರ್ ಮುಖ ನೋಡಿದಳು. ಸರ್ ಬಾಯಿ ಆಡಿಸಿದರು, ಕುತ್ತಿಗೆಯ ಬಟ್ಟೆ ಅದುರಿತು, ಸ್ವರ ಬರಲಿಲ್ಲ. ಆ ಮುಖ ನನಗೆ ನೋಡಲಿಕ್ಕೆ ಆಗಲಿಲ್ಲ ಸರ್. ಆಗ ದೀಕ್ಷಿತಾ ಎದುರಿನಿಂದ, "ಅಯ್ಯಾ ಉಷ್ಣ, ಮೇಲೆ ಏರಿದೆ, ಸರಿ. ಅಲ್ಲಿ ಚಳಿ ಅಲ್ವಾ? ಹೊತ್ತುಕೊಂಡ ನೀರನ್ನು ಎಂತ ಮಾಡ್ತಿ?" ಎಂದು ಕೇಳಿದಳು. ಜಸೀಲಾ ಹಿಡಿದುಕೊಂಡು ಹೊರಟಳು. ಎದುರಾಳಿಗೆ ದಾರಿ ಮಾಡಿಕೊಡಬೇಕು ಎಂದು ಮಕ್ಕಳಿಗೆ ಸರ್ ಸ್ಲೇಟಿನಲ್ಲೇ ಕಲಿಸಿದ್ದರು.

ಮಕ್ಕಳಿಗೆ ಪಾಠ ಅರ್ಥವಾಗಿದೆ. ಮುಂದಿನದ್ದು ನಿಮಗೆ ಬಿಟ್ಟದ್ದು.

ಸಾತ್ವಿಕಾ


ದಮ್ಮಾಮ್
21 ಆಗಸ್ಟ್ 2024

ಶಂಭಣ್ಣ,

ಏನೆಂದು ಶುರು ಮಾಡಲಿ? ಸಾತ್ವಿಕಾ ಬರೆದಳು. ಅವಳನ್ನು ಬೈಯಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಸ್ವರ ಕಳೆದುಕೊಂಡ ಮನುಷ್ಯನಿಗೆ ನಿನ್ನ ನಾಲಿಗೆ ಎಲ್ಲಿ ಹೋಯಿತು ಎಂದು ಕೇಳಿದವನು ನಾನು. ಬಾಯಿ ಇಲ್ಲದವರು ಎಂದು ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದೂ ಅಲ್ಲ, ಯೋಚಿಸಿ ಬರೆದು, ಅಂಚೆಚೀಟಿ ಅಂಟಿಸಿ ಕಳುಹಿಸಿದೆ. ಅಂಚೆಗೆ ಹೋಗುವ ನಡುದಾರಿಯಲ್ಲಿ ಹಿಂದೆ ತಿರುಗಬಹುದಿತ್ತು, ತಿರುಗಲಿಲ್ಲ. ಆ ಕಾಗದವನ್ನು ಹರಿದುಹಾಕಿ ಶಂಭಣ್ಣ. ಒಲೆಗೆ ಹಾಕಿ.

ಮಕ್ಕಾದಲ್ಲಿ ನಿಂತು ಎಲ್ಲರಿಗಾಗಿ ಬೇಡಿಕೊಂಡೆ. ನಿಮ್ಮ ಹೆಸರು ಬಾಯಿಗೆ ಬಂತು, ಸಿಟ್ಟಿನಲ್ಲಿ ನುಂಗಿದೆ. ನೀವು ಅಲ್ಲಿ ನನ್ನ ಮಾನ ಕಾಯಲು ಸ್ಲೇಟು ಎತ್ತಿ ತೋರಿಸುತ್ತಿದ್ದಿರಿ. ನಾಚಿಕೆಯಾಗುತ್ತದೆ.

ಯಾಕೆ ಹಾಗೆ ಯೋಚಿಸಿದೆ ಎಂದು ನನಗೇ ಸರಿಯಾಗಿ ಹೇಳಲು ಬರುವುದಿಲ್ಲ. ದೂರ ಕೂತವನಿಗೆ ಊರಿನಿಂದ ಕೆಟ್ಟ ಸುದ್ದಿ ಮಾತ್ರ ಬರುತ್ತದೆ. ಒಳ್ಳೆಯದನ್ನು ಯಾರು ಕಳುಹಿಸುತ್ತಾರೆ? ಎಲ್ಲರ ಬಗ್ಗೆ ಹೆದರಿದ್ದೆ, ಕಡೆಗೆ ನಿಮ್ಮನ್ನೂ ಅವರ ಸಾಲಿನಲ್ಲಿ ನಿಲ್ಲಿಸಿದೆ.

ರಜೆ ಮುಗಿದುಹೋಗಿದೆ. ಇನ್ನು ಡಿಸೆಂಬರಿಗೆ ಮಾತ್ರ. ನನಗೆ ಮನೆಗೆ ಬರಲು ಅಪ್ಪಣೆ ಉಂಟಾ? ಬೇಡ ಎಂದರೂ ಬರುತ್ತೇನೆ, ಗೇಟಿನ ಹೊರಗೆ ನಿಲ್ಲುತ್ತೇನೆ.

ನಿಮ್ಮ ಹಳೆಯ ಕಾಗದಗಳನ್ನು ಈಗ ತೆಗೆದು ಓದಿದೆ. ನಿಮ್ಮ ಸ್ವರಕ್ಕಾಗಿ ಕಿವಿಗೊಟ್ಟೆ. ಬರುತ್ತಿಲ್ಲ ಶಂಭಣ್ಣ. ಅಕ್ಷರ ಮಾತ್ರ ಕಾಣುತ್ತದೆ. ನಿಮಗೆ ಇದನ್ನು ಹೇಳಬಾರದಿತ್ತು, ಆದರೆ ಇನ್ನು ನಿಮ್ಮ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ.

ನಿಮ್ಮ
ಖಲೀಲ


ಪೊಳಲಿ
8 ಸೆಪ್ಟೆಂಬರ್ 2024

ಖಲೀಲ,

ನಿನ್ನೆ ಚೌತಿ. ಪಕ್ಕದ ಮನೆಯವರು ಕೊಟ್ಟ ಮೋದಕವನ್ನು ನೀರಿನಲ್ಲಿ ನೆನೆಸಿ ತಿಂದೆ. ಹೀಗೆ ಉಂಟು ನನ್ನ ವೈಭವ.

ಸಾತ್ವಿಕಾಳನ್ನು ಬೈದೆ. ಸ್ಲೇಟು ತುಂಬ ಬರೆದೆ. ಅವಳು ಓದಿ, "ಅಕ್ಷರ ಚೆನ್ನಾಗಿಲ್ಲ ಸರ್, ಸಿಟ್ಟಿನಲ್ಲಿ ಬರೆದ ಹಾಗುಂಟು" ಎಂದು ನಕ್ಕಳು.

ನಿನಗೆ ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದದಿಂದ ನೋವಾಯಿತು, ಇವತ್ತಿಗೂ ಉಂಟು. ನಾಲಿಗೆ, ಬಾಯಿ ಎಂದೆಲ್ಲ ಬರೆದದ್ದಕ್ಕಲ್ಲ. ನೀನು ಗೊತ್ತಿಲ್ಲದೆ ಬರೆದೆ, ಅದು ಬಿಡು. ನಾಲ್ಕು ಜನ ಬಂದು ಹೇಳಿದರೆ ಶಂಭು ನಿನ್ನನ್ನು ಎಬ್ಬಿಸಿಬಿಡುತ್ತಾನೆ ಎಂದು ನೀನು ನಂಬಿದೆಯಲ್ಲ, ಅದಕ್ಕೆ. ಮೇ ತಿಂಗಳ ನನ್ನ ಕಾಗದವನ್ನು ನೀನು ಯಾರ ಸ್ವರದಲ್ಲಿ ಓದಿದೆ ಖಲೀಲ? ನಾನು ನಿನ್ನೊಟ್ಟಿಗೆ ಜೀವಮಾನದಲ್ಲಿ ಒಮ್ಮೆಯೂ ಆ ದನಿಯಲ್ಲಿ ಮಾತಾಡಿದವನಲ್ಲ. ನನ್ನ ಸ್ವರ ನಿನ್ನ ತಲೆಯಲ್ಲಿ ಭದ್ರವಾಗಿದೆ ಎಂದು ನಾನು ಇಲ್ಲಿ ಗುಟ್ಟು ಕಾಯುತ್ತಾ ಕೂತಿದ್ದೆ. ಅದು ಆಗಲೇ ಹೋಗಿತ್ತು. ಸಾತ್ವಿಕಾಳ ಕಾಗದದಿಂದ ಹೋದದ್ದಲ್ಲ ಅದು.

ಆದರೆ ನಿನ್ನೊಬ್ಬನ ತಪ್ಪೂ ಅಲ್ಲ. ಮಾತು ನಿಂತ ಎದುರಾಳಿಗೆ ದಾರಿ ಬಿಟ್ಟುಕೊಡಬೇಕು ಎಂದು ಊರಿಗೆಲ್ಲ ಪಾಠ ಹೇಳಿದವನು ನಾನು, ನಿನಗೆ ಒಂದು ಕಿರುದಾರಿಯನ್ನೂ ಬಿಡಲಿಲ್ಲ. ಈ ಕಾಲದಲ್ಲಿ, ಈ ಊರಿನಿಂದ, ನಿನ್ನಂಥವನಿಗೆ "ಬರಬೇಡ, ಕಾರಣ ಕೇಳಬೇಡ" ಎಂದು ಬರೆದರೆ ಅವನು ಏನೆಂದು ತಿಳಿಯಬೇಕು? ಹನ್ನೆರಡು ವರ್ಷದ ದೀಕ್ಷಿತಾಳಿಗೆ ಇದ್ದ ಬುದ್ಧಿ ನನಗೆ ಇರಲಿಲ್ಲ. ಅಹಂಕಾರ ಮಾರಾಯ. ಮೊದಲಿನ ಶಂಭುವಾಗಿಯೇ ನಿನ್ನಲ್ಲಿ ಉಳಿಯಬೇಕೆಂಬ ಚಪಲ. ಅದರಲ್ಲಿ ಈ ಸಲದ ಆಟಿ ಹೋಯಿತು. ನಾನು ತಾಳ ಹಾಕಿಕೊಂಡು, ನೀನು ಎರಡೂ ಗಾಳಿಯ ಅರ್ಥ ಹೇಳಿ, ಒಂದು ಪದವಾದರೂ ಮಾಡಬಹುದಿತ್ತು. ಎಂಥ ಕೂಟ ಆಗುತ್ತಿತ್ತು! ಅದು ಇನ್ನು ಬರುವುದಿಲ್ಲ. ಮುಂಡಪ್ಪನಿಗೂ ಈಗ ಶ್ರುತಿ ಏರುವುದಿಲ್ಲ, ಇದೇ ಕೊನೆ ಎಂದು ಹೇಳಿದ್ದಾನೆ.

ಡಿಸೆಂಬರಿನಲ್ಲಿ ಬಾ. ಗೇಟಿನ ಹೊರಗೆ ನಿಲ್ಲುವ ನಾಟಕ ಬೇಡ, ಒಳಗೆ ಬಾ. ನನ್ನ ಕುತ್ತಿಗೆ ನೋಡಿ ಅಳಬೇಡ, ನಸೀಬಾಳಿಗೂ ಹೇಳಿಡು.

ಅಷ್ಟರೊಳಗೆ ಒಂದು ದಿನ ಫೋನ್ ಮಾಡು. ಎತ್ತುತ್ತೇನೆ. ನಿನಗೆ ಹೇಳಬೇಕಾದದ್ದೆಲ್ಲ ಹೇಳು, ಉಷ್ಣನ ಅರ್ಥವನ್ನೇ ಹೇಳು, ನಾನು ಕೇಳುತ್ತೇನೆ. ನಿನ್ನ ಮಾತು ಮುಗಿದ ಕೂಡಲೇ ಫೋನ್ ಇಡಬೇಡ. ಸ್ವಲ್ಪ ಹೊತ್ತು ಹಿಡಿದುಕೊಂಡಿರು. ನಾನು ಇಲ್ಲಿ ಏನಾದರೂ ಹೇಳುತ್ತಿರುತ್ತೇನೆ.

ಶಂಭು